ನಿಂಬೆಹಣ್ಣಿಗೆ ಒಂದು ಸ್ಪ್ರಿಂಗ್, ರೊಟ್ಟಿಗೆ ಒಂದು

ನಮ್ಮ ಸಣ್ಣ ಕಾರಿಗೆ ಎಂಥ ಸ್ಪ್ರಿಂಗ್ ಹಾಕಿಸಬೇಕು ಎಂದು ನಾನೂ ನನ್ನ ಗಂಡನೂ ಆಡಿದ ಜಗಳ ಸಾಲೋಟಗಿಯ ನಮ್ಮ ಓಣಿಗೆಲ್ಲ ಕೇಳಿಸಿದೆ. ಕೇಳಿಸಲಿ ಬಿಡಿ. ನನ್ನ ದನಿಯೇ ಅಷ್ಟು ದೊಡ್ಡದು, ಮತ್ತು ಆ ಜಗಳದಲ್ಲಿ ನನ್ನದೇನೂ ತಪ್ಪಿರಲಿಲ್ಲ.

ಕಾರು ಬಂದದ್ದು ನಿಂಬೆತೋಟದ ದುಡಿಮೆಯಿಂದ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಗಂಡ ಬೆಳಿಗ್ಗೆ ಎದ್ದು ಹಿಂದಿನ ಸೀಟು ಮಡಚಿ, ನಿಂಬೆಹಣ್ಣಿನ ಚೀಲ ಹೇರಿಕೊಂಡು ಇಂಡಿಯ ಮಾರುಕಟ್ಟೆಗೆ ಹೋಗಿ ಬರುತ್ತಾರೆ. ಆಮೇಲೆ ಕಾರು ನನ್ನ ಕೈಗೆ. ನಾನು, ನನ್ನ ನೆಗೆಣ್ಣಿ, ಓಣಿಯ ಇನ್ನೊಂದಿಷ್ಟು ಹೆಣ್ಣುಮಕ್ಕಳು ಕೂಡಿ ಜೋಳದ ಕಡಕ್ ರೊಟ್ಟಿ ಮಾಡುತ್ತೇವೆ. ಯಂಕಂಚಿಯಿಂದ ಜೋಳ ತರಿಸಿ, ಹಿಟ್ಟು ಮಾಡಿಸಿ, ತೆಳ್ಳಗೆ ಬಡಿದು, ಬೇಯಿಸಿ, ಕೆಂಡದ ಮುಂದೆ ನಿಲ್ಲಿಸಿ ಗರಿಗರಿ ಆಗುವ ತನಕ ಒಣಗಿಸಿ, ಒಂದರ ಮೇಲೊಂದು ಪೇರಿಸಿ ಥಪ್ಪಿ ಕಟ್ಟಿ ಬಟ್ಟೆಯಲ್ಲಿ ಸುತ್ತುತ್ತೇವೆ. ಅದನ್ನು ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಅಂಗಡಿ, ಖಾನಾವಳಿಗಳಿಗೆ ಮುಟ್ಟಿಸುವವಳು ನಾನು. ಡ್ರೈವಿಂಗ್ ಕಲಿತದ್ದೇ ಅದಕ್ಕಾಗಿ.

ತಂಟೆ ಶುರುವಾದದ್ದು ನಿಂಬೆಹಣ್ಣಿನಿಂದ. ಚೀಲ ಹೇರಿದಾಗ ಕಾರಿನ ಹಿಂಬದಿ ಕುಸಿದು, ಹಂಪ್ ಬಂದಲ್ಲೆಲ್ಲ ತಳ ಕರ್ ಅಂತ ಉಜ್ಜುತ್ತಿತ್ತು. ಗಂಡ ಯಾರದೋ ಮಾತು ಕೇಳಿ ಗಟ್ಟಿ ಸ್ಪ್ರಿಂಗ್ ಹಾಕಿಸಿ, ಅದರ ಸುರುಳಿಯ ನಡುವೆ ರಬ್ಬರ್ ಬೇರೆ ತುರುಕಿಸಿಕೊಂಡು ಬಂದರು. ಬಾಗಿಲ ಮುಂದೆ ಕಾರು ಬಾಲ ಎತ್ತಿದ ಕರುವಿನ ಹಾಗೆ ನಿಂತಿತ್ತು.

"ನೋಡ, ಹೆಂಗ ಎದ್ದು ನಿಂತೈತಿ!" ಎಂದರು. ನಾನೂ ಖುಷಿಪಟ್ಟೆ, ನನಗೇನು ಗೊತ್ತು.

ಮರುದಿನ ಸಿಂದಗಿಯ ಅಂಗಡಿಯಲ್ಲಿ ಥಪ್ಪಿ ಬಿಚ್ಚಿದರೆ ಮೇಲಿನ ನಾಲ್ಕಾರು ರೊಟ್ಟಿ ಸರಿಯಾಗಿವೆ, ಕೆಳಗಿನವೆಲ್ಲ ಚೂರು. ಕಟ್ಟಿದ್ದು ಸಡಿಲಾಗಿರಬೇಕು ಅಂದುಕೊಂಡೆ. ಮುಂದಿನ ಸಲ ಬಿಗಿಯಾಗಿ ಕಟ್ಟಿದೆ, ಅಡಿಯಲ್ಲಿ ಎರಡು ಮಡಿಕೆ ಕೌದಿ ಹಾಸಿದೆ. ಅದೇ ಹಣೆಬರಹ. ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ, ಅದರ ಮೇಲಿನ ಡಾಂಬರು ರಸ್ತೆಯೂ ಜೊತೆಗೇ ಏರಿಳಿಯುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿಸಿದ ಮೇಲೆ ಭಾರವಿಲ್ಲದ ಕಾರು ಆ ರಸ್ತೆಯಲ್ಲಿ ಕುಣಿಯತೊಡಗಿತ್ತು.

ಮುದ್ದೇಬಿಹಾಳದ ಖಾನಾವಳಿ ನಡೆಸುವ ಹಿರಿಯ ಹೆಣ್ಣುಮಗಳು ಎಂದೂ ದನಿ ಎತ್ತುವವರಲ್ಲ. ಚೂರಾದ ಥಪ್ಪಿ ನೋಡಿ ಮೆಲ್ಲಗೇ ಅಂದರು: "ತಂಗೀ, ಉಣ್ಣಾಕ ಕುಂತವರ ತಾಟಿಗೆ ಇಂಥ ತುಂಡು ಹೆಂಗ ನೀಡ್ಲಿ? ಇನ್ನೊಮ್ಮೆ ಹಿಂಗ ಬಂದ್ರ ನಾ ಬ್ಯಾರೆ ಕಡೆ ನೋಡಬೇಕಾಗ್ತೈತಿ. ಸಿಟ್ಟಾಗಬ್ಯಾಡವ್ವಾ."

ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ನಮ್ಮ ರೊಟ್ಟಿಯ ಅರ್ಧಕ್ಕರ್ಧ ಹೋಗುವುದೇ ಅಲ್ಲಿಗೆ. ಆ ಖಾನಾವಳಿ ಕೈಬಿಟ್ಟರೆ ಮೂರು ಊರು ಸುತ್ತುವುದು ಗಿಟ್ಟುವುದಿಲ್ಲ. ನೆಗೆಣ್ಣಿಯೂ ಉಳಿದ ಹೆಣ್ಣುಮಕ್ಕಳೂ ಮತ್ತೆ ಮೊದಲಿನಂತೆ ಮನೆಯಲ್ಲಿ ಕೂರಬೇಕು.

ಮನೆಗೆ ಬಂದರೆ ಗಂಡ ಮುರುಕು ರೊಟ್ಟಿಯನ್ನು ಮೊಸರಲ್ಲಿ ನೆನೆಸಿ, ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡು ಚಪ್ಪರಿಸಿ ಉಣ್ಣುತ್ತಿದ್ದಾರೆ. "ಛಲೋ ಆತು ಬಿಡ, ಮುರಿಯೂ ಕೆಲಸ ಉಳೀತು" ಎಂದು ನಗೆ ಬೇರೆ.

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮಗ ಚಾಷ್ಟಿ ಆಗೈತಿ. ಆ ಸ್ಪ್ರಿಂಗ್ ತಗಸ್ರಿ ಮೊದಲ!"

"ಸ್ಪ್ರಿಂಗ್ ಏನ್ ಮಾಡೇತಿ? ನಾ ದಿನಾ ಇಂಡಿಗಿ ಹೋಗಿ ಬರ್ತೇನಿ, ಗಾಡಿ ಎಣ್ಣಿ ಹಚ್ಚಿದಂಗ ಓಡತೈತಿ. ನೀ ಓಡ್ಸೂದ ಹಂಗ ಐತಿ."

ನಾನು ಓಡಿಸುವುದು ಹಾಗಂತೆ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಆದರೆ ಅವರು ಸುಳ್ಳು ಹೇಳುತ್ತಿರಲಿಲ್ಲ. ಭಾರ ಹೇರಿದಾಗ ಆ ಸ್ಪ್ರಿಂಗ್ ಬಾಗಿ ಗಾಡಿ ಮೆತ್ತಗೆ ಓಡುತ್ತದೆ. ರೊಟ್ಟಿಗೆಲ್ಲಿಯ ಭಾರ? ಹೊತ್ತರೆ ಹೂವಿನಷ್ಟು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಒಂದೇ ಕಾರಿಗೆ ನಿಂಬೆಹಣ್ಣು ಗಟ್ಟಿ ಬೇಡುತ್ತಿತ್ತು, ರೊಟ್ಟಿ ಮೆತ್ತಗೆ ಬೇಡುತ್ತಿತ್ತು.

ಮೊಬೈಲಿನಲ್ಲಿ ವಿಡಿಯೋ ಹುಡುಕಿ ನೋಡಿದೆ. ಒಬ್ಬ ಕಾರನ್ನು ನೆಲಕ್ಕೆ ತಾಗುವಷ್ಟು ಇಳಿಸುತ್ತಾನೆ, ಇನ್ನೊಬ್ಬ ಆಳೆತ್ತರ ಏರಿಸುತ್ತಾನೆ, ಮತ್ತೊಬ್ಬ ತಿರುವಿನಲ್ಲಿ ವಾಲುವುದಿಲ್ಲ ಎಂದು ಹಾಡಿ ಹೊಗಳುತ್ತಾನೆ. ನಮ್ಮ ರಸ್ತೆಯಲ್ಲಿ ತಿರುವಿಗೆ ಬರ, ತಗ್ಗಿಗೆ ಸುಗ್ಗಿ. ಆ ಶಾಣ್ಯಾರಲ್ಲಿ ಒಬ್ಬನಾದರೂ ರೊಟ್ಟಿಯ ಮಾತು ಎತ್ತಬೇಕಲ್ಲ.

ಕಡೆಗೆ ಗಂಡನಿಗೇ ಹೇಳಿದೆ, "ಒಂದ ಸಲ ನನ್ನ ಕೂಡ ಬರ್ರಿ. ಹಿಂದ ರೊಟ್ಟಿ ಬಾಜೂಕ ಕೂಡ್ರಿ. ಆಮ್ಯಾಲೆ ನನ್ನ ಡ್ರೈವಿಂಗಿಗಿ ಹೆಸರಿಡ್ರಿ."

ಬಂದರು. ಗತ್ತಿನಿಂದಲೇ ಕೂತರು. ನಾನು ಬೇಕಂತಲೇ ಹೆಣ ಸಾಗಿಸುವವರ ಹಾಗೆ ನಿಧಾನ ಓಡಿಸಿದೆ. ಮೊದಲ ಹಂಪ್ ಬಂದಾಗ ಅವರ ತಲೆ ಮೇಲೆ ತಾಗಿತು, "ಅಯ್ಯಯ್ಯ!" ಎಂದರು. ಎರಡನೆಯದಕ್ಕೆ ಮುಂದಿನ ಸೀಟು ಗಟ್ಟಿಯಾಗಿ ಹಿಡಿದುಕೊಂಡರು. ಮುಂದೆ ತಗ್ಗು ಬಂದಾಗಲೆಲ್ಲ ಬಟ್ಟೆಯೊಳಗಿಂದ ಕಟಕ್, ಕಟಕ್. ಕನ್ನಡಿಯಲ್ಲಿ ನೋಡಿದರೆ ಮನುಷ್ಯ ಥಪ್ಪಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದಾರೆ. ಆದರೂ ಕಟಕ್. ಸಿಂದಗಿ ಇನ್ನೂ ಕಾಣುವ ಮೊದಲೇ, "ನಿಲ್ಲಸ, ನಿಲ್ಲಸ" ಎಂದರು. ಗಂಟು ಬಿಚ್ಚಿದರು. ಒಂದು ಚೂರು ಎತ್ತಿ ಕೈಯಲ್ಲಿ ತಿರುಗಿಸಿ ನೋಡಿದರು.

"ನಸಿಕಿನ್ಯಾಗ ಎದ್ದು ಬಡದಿದ್ದೆಲ್ಲ..." ಎಂದರು, ಅಷ್ಟೇ.

ಮುರಿಯದೆ ಉಳಿದವನ್ನು ಆರಿಸಿ ಸಿಂದಗಿಯ ಅಂಗಡಿಗೆ ಕೊಟ್ಟೆವು. ಖಾನಾವಳಿಗೆ ಫೋನ್ ಮಾಡಿ ನಾಳೆ ತರುತ್ತೇನೆ ಎಂದೆ. "ನಾಳಿ ಒಂದ ದಿನ ನೋಡ್ತೇನಿ, ತಂಗಿ" ಎಂದು ಆ ಕಡೆಯಿಂದ ಬಂತು. ಗಂಡ ಏನೂ ಕೇಳದೆ ಅಲ್ಲಿಯೇ ಒಂದು ಗ್ಯಾರೇಜಿನ ಕಡೆ ಕೈ ತೋರಿಸಿದರು.

ಗ್ಯಾರೇಜಿನವನು ಕಾರಿನ ಕೆಳಗೆ ಬಗ್ಗಿ ನೋಡಿ ಎದ್ದ. "ಎರಡ ದಾರಿ ಅದಾವ್ರಿ. ಈ ಗಟ್ಟಿ ಸ್ಪ್ರಿಂಗಿಗಿ ಗ್ಯಾಸಿನ ಶಾಕಪ್ ಹಾಕಿದ್ರ ಚೀಲ ಎಷ್ಟರ ಹೇರ್ರಿ, ಜಗ್ಗೂದಿಲ್ಲ. ಇಲ್ಲಾಂದ್ರ ಇವನ್ನ ತಗದು, ರಬ್ಬರ್ ಕಿತ್ತು, ಮೆತ್ತನ್ನ ಸ್ಪ್ರಿಂಗು, ಎಣ್ಣೀ ಶಾಕಪ್ಪು. ತೊಟ್ಟಲದಂಗ ಹೋಗ್ತೈತ್ರಿ. ಆದ್ರ ಚೀಲ ಹೇರಿದ್ರ ಕುಂತುಬಿಡ್ತೈತಿ. ಎರಡೂ ಬೇಕಂದ್ರ ಆಗೂದಿಲ್ಲ. ಗಾಡ್ಯಾಗ ಏನ್ ಹೇರ್ತೀರಿ, ಅಣ್ಣಾರ?"

ನಾನು ಬಾಯಿ ತೆರೆದೆ. ತೋಟ ಅವರ ಪ್ರಾಣ, ಬೆಳಗಿನ ನಿಂಬೆಹಣ್ಣು ನಿಲ್ಲುವ ಹಾಗಿಲ್ಲ, ನಡುವಿನದೊಂದು ಏನಾದರೂ ಇದ್ದರೆ ಕೇಳೋಣ ಎಂದುಕೊಂಡಿದ್ದೆ.

"ರೊಟ್ಟಿ" ಎಂದರು ನನ್ನ ಗಂಡ.

"ಅಷ್ಟ ಏನ್ರಿ?"

"ಅಷ್ಟ. ನಿಂಬಿಹಣ್ಣಿಗಿ ಬಾಡಿಗಿ ಟಂಟಂ ಆಟೋ ಹಚ್ಚತೇನಿ. ಇದು ಆಕಿ ಗಾಡಿ."

ಮನೆಗೆ ಬಂದ ದಿನದಿಂದ ಆ ಕಾರನ್ನು ಅವರು ನಿಂಬೆಹಣ್ಣಿನ ಗಾಡಿ ಎಂದೇ ಕರೆಯುತ್ತಿದ್ದರು. ನನ್ನ ಕೆಲಸಕ್ಕೆ ಅವರ ಬಾಯಲ್ಲಿದ್ದ ಹೆಸರು 'ನಿನ್ನ ಹವ್ಯಾಸ'. ನನಗೆ ಕಣ್ಣು ತುಂಬಿ ಬಂತು. ಗ್ಯಾರೇಜಿನವನ ಮುಂದೆ ಅಳುವುದೇನು ಎಂದು ಹಳೆಯ ಟೈರುಗಳ ಕಡೆ ತಿರುಗಿ ನಿಂತೆ. ಇಷ್ಟು ವರ್ಷ ಬೈದದ್ದರಲ್ಲಿ ಅರ್ಧವನ್ನಾದರೂ ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತು. ಪೂರ್ತಿ ಅಲ್ಲ.

ಸಂಜೆಯ ಹೊತ್ತಿಗೆ ಕಾರು ಬಾಲ ಇಳಿಸಿ ನಿಂತಿತ್ತು. ಹಿಂದಿನಿಂದ ಕೈ ಊರಿ ಒತ್ತಿದರೆ ಮೆಲ್ಲಗೆ ಕೂತು, ಮೆಲ್ಲಗೆ ಎದ್ದು, ಸುಮ್ಮನಾಗುತ್ತಿತ್ತು. ಮನೆಯಲ್ಲಿ ಸುದ್ದಿ ಕೇಳಿದ ನೆಗೆಣ್ಣಿ ಆಗಲೇ ಹಿಟ್ಟು ನಾದಲು ಕೂತಳು.

ಮರುದಿನ ಹೊರಟಾಗ ಗಂಡ ಕರೆಯದೆಯೇ ಹಿಂದಿನ ಸೀಟಿಗೆ ಹತ್ತಿ ಕೂತರು. ಸಿಂದಗಿ ದಾಟಿತು, ಬಾಗೇವಾಡಿ ದಾಟಿತು. ಹಂಪ್ ಬಂದಾಗಲೆಲ್ಲ ಇಬ್ಬರೂ ಕಿವಿಗೊಡುತ್ತಿದ್ದೆವು. ಬಟ್ಟೆಯೊಳಗೆ ಏನೂ ಸದ್ದಿಲ್ಲ. ಸದ್ದಿಲ್ಲವೆಂದು ನಂಬುವ ಧೈರ್ಯವೂ ಇಲ್ಲ.

ಖಾನಾವಳಿಯಲ್ಲಿ ಗಂಡನೇ ಥಪ್ಪಿ ಹೊತ್ತು ಒಳಗಿಟ್ಟರು. ಆ ಹಿರಿಯರು ಗಂಟು ಬಿಚ್ಚಿ ಒಂದೊಂದಾಗಿ ಎತ್ತುತ್ತ ತಳದ ತನಕ ಹೋದರು. ಎಲ್ಲವೂ ದುಂಡಗೆ, ಬಡಿದು ಎತ್ತಿಟ್ಟ ಹಾಗೇ ಇದ್ದವು. ಹೊಗಳುವ ಪೈಕಿಯವರಲ್ಲ ಅವರು. "ನಾಳಿನೂ ಇಷ್ಟ ತಗೊಂಬಾ, ತಂಗಿ" ಎಂದು, ನನ್ನ ಗಂಡನ ಕಡೆ ತಿರುಗಿ, "ಕೂಡ್ರಿ, ಉಂಡ ಹೋಗ್ರಿ" ಎಂದರು.

ಗಂಡ ಕೂತರು. ತಾಟಿಗೆ ಬದನೆಕಾಯಿ ಪಲ್ಯ ಬಂತು, ಪಕ್ಕಕ್ಕೆ ನಮ್ಮ ರೊಟ್ಟಿ ಬಂತು. ಅವರು ಅದನ್ನು ಎತ್ತಿ, ನನ್ನ ಮುಖ ನೋಡಿ, ಕಟಕ್ಕೆಂದು ಮುರಿದರು. ಸಾಲೋಟಗಿಯಿಂದ ಮುದ್ದೇಬಿಹಾಳದ ತನಕ ಆ ದಿನ ಮುರಿದ ಮೊದಲ ರೊಟ್ಟಿ ಅದು.