ಕುರ್ಚಿಯಿಂದ ಮಣೆಯವರೆಗೆ

"ನಮ್ಮ ಅತ್ತೆ ನೆಲದಿಂದ ತಾವೇ ಎದ್ದರು!" ಎಂದು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂಗಿದಾಗ ಟೀಚರುಗಳೆಲ್ಲ ನನ್ನ ಮುಖ ನೋಡಿದರು. ಈ ಸುಷಮಾಗೆ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು. ಅಂದುಕೊಳ್ಳಲಿ! ನೆಲದಿಂದ ಏಳುವುದರಲ್ಲಿ ಏನು ಹೆಚ್ಚುಗಾರಿಕೆ ಎನ್ನುವವರು ನಮ್ಮ ಅತ್ತೆ ಸಕ್ಕೂಬಾಯಿಯವರ ಕತೆ ಪೂರ್ತಿ ಕೇಳಬೇಕು.

ಆದೋನಿಯ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕರ್ಧ ಅತ್ತೆಯ ಕಾಲ ಮೇಲೆ ನೀರು ಹಾಕಿಸಿಕೊಂಡವೇ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಎರಡೂ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಎರೆದರೆಂದರೆ ಮುಗಿಯಿತು. ಎಂಥ ರಚ್ಚೆ ಹಿಡಿಯುವ ಕೂಸೂ ಮಧ್ಯಾಹ್ನದವರೆಗೆ ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು. ಆದರೆ ಎರಡು ವರ್ಷದ ಹಿಂದೆ ಅದೇ ಬಚ್ಚಲಲ್ಲಿ ಅತ್ತೆ ಜಾರಿ ಬಿದ್ದರು. ಮೂಳೆಗೇನೂ ಆಗಲಿಲ್ಲ, ಹೆದರಿಕೆ ಮಾತ್ರ ಒಳಗೆ ಕೂತುಬಿಟ್ಟಿತು. ಅಂದಿನಿಂದ ಊಟಕ್ಕೆ ಕುರ್ಚಿ, ಪೂಜೆಗೆ ಕುರ್ಚಿ, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸಲು ಬೇರೆಯೇ ಒಂದು ಮಡಚುವ ಕುರ್ಚಿ. ನೆಲಕ್ಕೆ ಕೂರುವ ಮಾತೇ ಮನೆಯಲ್ಲಿ ಎದ್ದುಹೋಯಿತು.

ಹೀಗಿರುವಾಗ ನನ್ನ ನಾದಿನಿ ವಿಷ್ಣುಪ್ರಿಯಾ ಬಸುರಾದಳು. ಎಷ್ಟೋ ವರ್ಷ ಕಾದ ಮೇಲೆ ಆದ ಬಸಿರು. ಬಾಣಂತನ ತವರಿನಲ್ಲೇ ಎಂದು ನಿಶ್ಚಯವಾಯಿತು. ರಾಯಚೂರಿನಿಂದ ಫೋನು ಮಾಡಿದವಳು ತಾಯಿಗೆ ಹೇಳಿದಳು: "ಅಮ್ಮಾ, ಕೂಸಿಗೆ ಎರಿಲಿಕ್ಕೆ ಉಚ್ಚಮ್ಮಗ ಹೇಳಿಬಿಡು. ಇನ್ನ ನಿನ್ನ ಕೈಲೆ ಆಗಂಗಿಲ್ಲ."

ಉಚ್ಚಮ್ಮ ಎಂದರೆ ಕೌತಾಳಂ ಕಡೆಯಿಂದ ಬಸ್ಸಿಗೆ ಬಂದು ಬಾಣಂತಿ, ಕೂಸುಗಳಿಗೆ ನೀರು ಹಾಕಿ ಹೋಗುವ ಹೆಂಗಸು. ಒಳ್ಳೆಯವಳೇ. ಆದರೂ ಫೋನು ಇಟ್ಟ ಅತ್ತೆಯ ಮುಖ ಬಾಡಿತು.

"ಊರ ಕೂಸಿಗೆಲ್ಲಾ ನನ್ನ ಕಾಲು ಆತು. ನನ್ನ ಮೊಮ್ಮಗೂಗೆ ಆಗಂಗಿಲ್ಲೇನು ಸುಷಮಾ?" ಎಂದರು.

ಸುಮ್ಮನೆ ಕೂರುವವಳು ನಾನಲ್ಲ. ಮರುದಿನವೇ ಆಟೋ ಹತ್ತಿಸಿ ಡಾಕ್ಟರ್ ಹಾರಿಕಾ ಅವರ ಹತ್ತಿರ ಕರೆದುಕೊಂಡು ಹೋದೆ. ಅವರು ಕಾಲು ಒತ್ತಿ, ಮಡಚಿ, ಎಕ್ಸ್‌ರೇ ನೋಡಿ, ಮೊಣಕಾಲು ಸ್ವಲ್ಪ ಸವೆದಿರುವುದು ನಿಜ, ಆದರೆ ದೊಡ್ಡ ತೊಂದರೆ ಅದಲ್ಲ, ಕೆಲಸವಿಲ್ಲದೆ ತೊಡೆಯ ಶಕ್ತಿ ಹೋಗಿದೆ ಎಂದರು. ಅತ್ತೆಯನ್ನು ಕುರ್ಚಿಯಿಂದ ಒಮ್ಮೆ ಎಬ್ಬಿಸಿ ಕೂರಿಸಿದರು. ಅತ್ತೆ ಹಲ್ಲು ಕಚ್ಚಿಕೊಂಡು, ಉಸಿರು ಕಟ್ಟಿಕೊಂಡು ಕೂತರು.

"ಅಯ್ಯೋ ಅಮ್ಮಾ, ಊಪಿರಿ ಬಿಗಪಟ್ಟುಕೋಕಂಡಿ!" ಎಂದು ತೆಲುಗಿನಲ್ಲಿ ಹೇಳಿದರು ಡಾಕ್ಟರು. ಉಸಿರು ಬಿಗಿಹಿಡಿಯಬೇಡಿ, ಬಿಡುತ್ತ ಕೂರಿ, ಬಿಡುತ್ತ ಏಳಿ. ದಿನವೂ ಅಷ್ಟು ಮಾಡಿ ಸಾಕು. ಕುರ್ಚಿ ಸುಲಭವಾದ ಮೇಲೆ ಅದಕ್ಕಿಂತ ತಗ್ಗಿನದು, ಆಮೇಲೆ ಇನ್ನೂ ತಗ್ಗಿನದು. ಅವಸರ ಮಾತ್ರ ಬೇಡ ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಸರಿ, ಮಾಡುವುದು ಯಾವಾಗ? ಮಗನೆದುರು ಕೂತೆದ್ದು ಮಾಡಲು ಅತ್ತೆಗೆ ನಾಚಿಕೆ. ನನ್ನ ಗಂಡ ವಸುಧೇಂದ್ರ ಅವರು ನಗುವವರೇ, ಸುಳ್ಳೇಕೆ ಹೇಳಲಿ. ಕಡೆಗೆ ಅತ್ತೆಯೇ ಹೊತ್ತು ಹುಡುಕಿದರು. ಬೆಳಗ್ಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು ಅಡುಗೆಮನೆ ಸೇರಿದ ಮೇಲೆ! ಆಗ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ, ಹೊಸ್ತಿಲು ದಾಟಿ ಒಳಗೆ ಹೋಗುವ ಹಾಗೂ ಇಲ್ಲ.

"ಇದಕ್ಕಿಂತ ನಿವಾಂತ ನನಗ ಎಲ್ಲಿ ಸಿಗ್ತದ?" ಎಂದು ಕಣ್ಣು ಮಿಟುಕಿಸಿದರು.

ಬೇಳೆ ಬೇಯಲಿಕ್ಕಿಟ್ಟು ಕೂರುವುದು, ಏಳುವುದು. ಕೂರುವಾಗೊಂದು, ಏಳುವಾಗೊಂದು ಸಾಲು ದೇವರ ಹಾಡು. ಹಾಡಿದರೆ ಉಸಿರು ತಾನೇ ಹೊರಗೆ ಬರುತ್ತದಲ್ಲ, ಅದು ಅವರದೇ ಉಪಾಯ. ಮಧ್ಯಾಹ್ನ ಮಂಚದ ಮೇಲೆ ಕಾಲು ಚಾಚಿ, ಮೊಣಕಾಲ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಉಸಿರು ಹೋಗಿ ಬರುವುದನ್ನು ಗಮನಿಸುತ್ತ ಕೂರುವುದು.

"ಕಣ್ಣು ಮುಚ್ಚಿದ್ರ ಏನು ಕಾಣ್ತದ್ರೀ ಅತ್ತೀ?" ಎಂದು ಒಮ್ಮೆ ಕೇಳಿದೆ.

"ಬಚ್ಚಲಾ ಕಾಣ್ತದವಾ. ನಾ ಬಿದ್ದದ್ದು ಕಾಣ್ತದ. ಮೊದಲ ಎದ್ದು ಓಡಿ ಹೋಗಬೇಕು ಅನ್ನಸ್ತಿತ್ತು. ಈಗ ಉಸರು ಬಿಟಗೋತ ನೋಡ್ಕೋತ ಕೂಡ್ತೀನಿ. ಆಮ್ಯಾಲೆ ತಾನ ಹೋಗ್ತದ," ಎಂದರು.

ಕುರ್ಚಿ ಮುಗಿದು ಹಿಟ್ಟಿನ ಕಬ್ಬಿಣದ ಪೆಟ್ಟಿಗೆಗೆ ಬಂದರು, ಪೆಟ್ಟಿಗೆಯಿಂದ ಗಿಡ್ಡ ಸ್ಟೂಲಿಗೆ ಇಳಿದರು. ನಾನು ಹೊರಗೆ ಟಿಫಿನ್ ಡಬ್ಬಿ ಕಟ್ಟುತ್ತ ಕಿವಿ ಅತ್ತಲೇ ಇಟ್ಟಿರುತ್ತಿದ್ದೆ. ಮೊದಮೊದಲು ನಡುನಡುವೆ ತುಂಡಾಗುತ್ತಿದ್ದ ಹಾಡು ಈಗ ಕಡೆಯವರೆಗೆ ಒಂದೇ ಸಮ ಬರುತ್ತಿತ್ತು. ನನಗೆ ಖುಷಿ ತಡೆಯಲಾಗದೆ ಡಬ್ಬಿಯ ಮುಚ್ಚಳ ಅದಲುಬದಲು ಮಾಡಿಬಿಡುತ್ತಿದ್ದೆ.

ಒಂದು ದ್ವಾದಶಿಯಂದು ಮಾತ್ರ ಅತ್ತೆ ಅವಸರ ಮಾಡಿದರು. ಹಿಂದಿನ ದಿನ ಏಕಾದಶಿ, ಮೂವರದೂ ಉಪವಾಸ. ದ್ವಾದಶಿ ಬೆಳಗ್ಗೆ ಹೊತ್ತು ಮೀರದಂತೆ ಪಾರಣೆಯ ಊಟವಾಗಬೇಕು. ಅತ್ತೆ ಅನ್ನಕ್ಕಿಟ್ಟು, ಏನು ಹುಮ್ಮಸ್ಸು ಬಂತೋ, ಖಾಲಿ ಹೊಟ್ಟೆಯಲ್ಲಿ ಸೀದಾ ಮಣೆಗೆ ಇಳಿದರು. ಇಳಿಯುವುದೇನೋ ಇಳಿದರು. ಏಳಲಿಕ್ಕೆ ಬರಲಿಲ್ಲ.

"ಸುಷಮಾ!" ಎಂಬ ಕೂಗಿಗೆ ನಾನೂ ನನ್ನ ಗಂಡನೂ ಓಡಿದೆವು. ಅವರು ಹೊಸ್ತಿಲಾಚೆ ಕೈ ಚಾಚಿದ್ದೇ ತಡ, ಅತ್ತೆ ಕಿರುಚಿದರು: "ಮುಟ್ಟಬ್ಯಾಡೋ! ಮಡಿ!"

"ಅಮ್ಮಾ, ಎಬ್ಬಸ್ತೀನಿ. ಆಮ್ಯಾಲೆ ಮತ್ತ ಸ್ನಾನ ಮಾಡೀಯಂತ."

"ಮತ್ತ ಸ್ನಾನ, ಮತ್ತ ಮಡಿನೀರು, ಮತ್ತ ಅಡಗಿ! ಪಾರಣಿ ಹೊತ್ತು ಮೀರ್ತದೋ!"

"ಹಂಗಾದ್ರ ಅಲ್ಲೇ ಕೂತಿರ್ತೀಯೇನು?"

"ಅನ್ನ ಸೀಯಲಿಕ್ಕತ್ತದ, ನೀ ಸುಮ್ನಿರು!"

ತಾಯಿ ಕೆಳಗೆ, ಮಗ ಹೊರಗೆ, ಅನ್ನ ಒಲೆಯ ಮೇಲೆ. ನನಗೆ ಸಿಟ್ಟು ನೆತ್ತಿಗೇರಿತು. "ಇಬ್ಬರೂ ಬಾಯಿ ಮುಚ್ಚರಿ!" ಎಂದೆ. ಹೌದು, ಅತ್ತೆಗೂ ಸೇರಿಸಿಯೇ ಅಂದೆ. "ಅತ್ತೀ, ಉಸರು ಕಟ್ಟೀರಿ. ಬಿಡ್ರಿ. ಹಾಡ್ರಿ!"

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟರು. ಸಣ್ಣಗೆ ಹಾಡು ಶುರುವಾಯಿತು. ಪಕ್ಕಕ್ಕೆ ಹೊರಳಿ ಎರಡೂ ಅಂಗೈ ನೆಲಕ್ಕೂರಿದರು. ಮಂಡಿಯೂರಿ ಅಂಬೆಗಾಲಿಗೆ ಬಂದರು. ಕೈ ಸ್ಟೂಲಿನ ಮೇಲೆ ಇಟ್ಟರು. ಒಂದು ಪಾದ ಮುಂದಕ್ಕೆ ಬಂತು. ಹಾಡಿನ ಸಾಲು ಜೋರಾಯಿತು, ಅತ್ತೆ ನಿಂತರು!

ನಾನು ಏಕಾದಶಿಯ ಖಾಲಿ ಹೊಟ್ಟೆಯಲ್ಲಿ ಅಲ್ಲೇ ಕುಣಿದೆ. ಮಗ ಮುಟ್ಟಬಹುದಾಗಿದ್ದರೆ ರಟ್ಟೆ ಹಿಡಿದು ಎತ್ತಿಬಿಡುತ್ತಿದ್ದರು, ತಮ್ಮಿಂದ ಆಗುತ್ತದೆಂದು ಅತ್ತೆಗೆ ಗೊತ್ತಾಗುತ್ತಲೇ ಇರಲಿಲ್ಲ. ತಳ ಹಿಡಿದ ಅನ್ನವನ್ನು ಮೂವರೂ ಚಪ್ಪರಿಸಿಕೊಂಡು ಉಂಡೆವು. ಸ್ಟಾಫ್ ರೂಮಿನಲ್ಲಿ ನಾನು ಕೂಗಿದ್ದು ಅವತ್ತೇ.

ನನ್ನ ಗಂಡ ಮಾತ್ರ ಹೌಹಾರಿದ್ದರು. "ಅಮ್ಮಾ, ಇನ್ನ ಇದೆಲ್ಲಾ ಬಂದ್. ಬಚ್ಚಲದಾಗ ಕೂಸು ಕೈಯಾಗಿದ್ದಾಗ ಹಿಂಗಾದ್ರ?" ಎಂದು ಹೋಗಿ ಉಚ್ಚಮ್ಮನಿಗೆ ಹೇಳಿಯೇ ಬಂದರು. ಅತ್ತೆಗೂ ಆ ಮಾತು ನಿಜವೆನ್ನಿಸಿತು. ಡಾಕ್ಟರ ಹತ್ತಿರ ಹೋಗಿ ಬೈಸಿಕೊಂಡು, ಮಣೆಯಿಂದ ಏಳುವ ಕ್ರಮ ಸರಿಯಾಗಿ ಕಲಿತು ಬಂದರು. ಅಡುಗೆಮನೆಯಲ್ಲಿ ದಿನವೂ ಹಾಡು ನಡೆದೇ ಇತ್ತು. ಈಗ ಏನಾದರೂ ತಿಂದ ಮೇಲೆಯೇ ಕಸರತ್ತು, ಅದಕ್ಕಾಗಿ ಮಡಿ ಉಡುವ ಹೊತ್ತನ್ನೇ ಮುಂದಕ್ಕೆ ಹಾಕಿದರು! ನಾನಂತೂ ಕಣ್ಣು ಬಿಟ್ಟುಕೊಂಡು ನೋಡಿದೆ.

ವಿಷ್ಣುಪ್ರಿಯಾ ಹೆಣ್ಣುಕೂಸು ಹೆತ್ತಳು. ಕೂಸಿಗೆ ಮನೆಯಲ್ಲಿ ಮೊದಲ ಸಲ ಎರೆಯುವ ದಿನ ಉಚ್ಚಮ್ಮ ಸೀರೆ ಎತ್ತಿಕಟ್ಟಿಕೊಂಡು ಬಚ್ಚಲಿಗೆ ಬಂದಳು. ನೋಡಿದರೆ ಅಲ್ಲಿ ಆಗಲೇ ಅತ್ತೆ ನಿಂತಿದ್ದಾರೆ. ನೆಲಕ್ಕೆ ಗೋಣಿತಟ್ಟು ಹಾಸಿದೆ, ಮಣೆ ಹಾಕಿದೆ, ಕೈಗೆ ಸಿಗುವಂತೆ ಸ್ಟೂಲಿದೆ.

"ಉಚ್ಚಮ್ಮಾ, ನೀ ನೀರು ಹೊಯ್ಯವಾ. ಕೂಸು ನನ್ನ ಕಾಲ ಮ್ಯಾಲೆ," ಎಂದರು.

ಅತ್ತೆ ತಾವು ಬಿದ್ದ ಜಾಗವನ್ನೊಮ್ಮೆ ನೋಡಿ, ಹಾಡುತ್ತ ಮಣೆಗೆ ಇಳಿದು ಕಾಲು ಚಾಚಿದರು. ನಾನು ಕೂಸನ್ನು ಕಾಲ ಮೇಲೆ ಮಲಗಿಸಿದೆ. ಎಣ್ಣೆಗೈ ಬೆನ್ನ ಮೇಲೆ ಆಡಿತು, ನೀರು ಬಿತ್ತು, ಕೂಸು ಒಮ್ಮೆ ಚೀರಿ ಆಮೇಲೆ ಬಾಯಿ ತೆರೆದು ಆಕಳಿಸಿತು! ಒರೆಸಿ ಸುತ್ತಿ ನಾನು ಎತ್ತಿಕೊಂಡೆ. ನನ್ನ ಗಂಡ ತಡೆಯಲಾರದೆ ಅಮ್ಮನನ್ನು ಎಬ್ಬಿಸಲು ಕೈ ಚಾಚಿದರು.

"ಮುಟ್ಟಬ್ಯಾಡೋ!"

"ಅಮ್ಮಾ, ಇವತ್ತು ಮಡಿ ಇಲ್ಲಲ್ಲ!"

"ಇಲ್ಲದಿದ್ರ ಇಲ್ಲ. ನಿನ್ನ ಕೈ ನಿನ್ನ ಹತ್ರನ ಇರ್ಲಿ."

ಪಕ್ಕಕ್ಕೆ ಹೊರಳಿದರು, ಅಂಗೈ ಊರಿದರು, ಸ್ಟೂಲು ಹಿಡಿದರು. ಹಾಡು ಮುಗಿಯುವಾಗ ನೆಟ್ಟಗೆ ನಿಂತಿದ್ದರು.

"ಯವ್ವಾ, ನನ್ನ ಕೆಲಸಕ್ಕ ಕಲ್ಲು ಬಿತ್ತಲ್ಲಬೇ!" ಎಂದು ಉಚ್ಚಮ್ಮ ಚಪ್ಪಾಳೆ ತಟ್ಟಿ ನಕ್ಕಳು.

"ಎಲ್ಲಿ ಬೀಳ್ತದ? ನೀರು ಹೊಯ್ಯಲಿಕ್ಕೆ ದಿನಾ ನೀನ ಬರಬೇಕು," ಎಂದರು ಅತ್ತೆ. ಒದ್ದೆ ಸೆರಗು ಹಿಂಡಿಕೊಳ್ಳುತ್ತ, ಬಾಗಿಲಲ್ಲಿ ನಿಂತ ಮಗಳ ಕಡೆ ತಿರುಗಿದರು. "ಏನವಾ ವಿಷ್ಣು, ಆತೋ ಇಲ್ಲೋ?"

"ಆತಮ್ಮಾ, ಆತು," ಎಂದಳು ವಿಷ್ಣುಪ್ರಿಯಾ, ಕಣ್ಣು ಮೂಗು ಒರೆಸಿಕೊಳ್ಳುತ್ತ. ಕೂಸು ಮಧ್ಯಾಹ್ನದವರೆಗೆ ಏಳಲಿಲ್ಲ.