ಕಂಪೆನಿ ಬಸ್ಸಿನ ಬಹುಮತ

ಅಮೆರಿಕದ ಸರ್ಕಾರ ಮುಚ್ಚಿದ ಮೊದಲ ದಿನವೇ ನಮ್ಮ ಕಂಪೆನಿ ಬಸ್ಸಿನಲ್ಲಿ ಮತದಾನ ನಡೆಯಿತೆಂದು ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳಿರಬೇಕು. ಮೊದಲ ವಾರ ಆ ಸುದ್ದಿಯ ಗೊಡವೆಯೇ ನಮಗಿರಲಿಲ್ಲ. ಅಲ್ಲಿಯ ಸಂಸತ್ತಿನಲ್ಲಿ ಖರ್ಚಿನ ಮಸೂದೆ ಪಾಸಾಗದೆ ಕಚೇರಿಗಳು ಬಾಗಿಲು ಹಾಕಿದರೆ, ದುಬೈಯ ಅಲ್ ನಹ್ದಾದಲ್ಲಿ ಬಸ್ ಹತ್ತಿ ಅಬುಧಾಬಿಯ ಮುಸಫ್ಫಾಕ್ಕೆ ಕೆಲಸಕ್ಕೆ ಹೋಗುವ ನಮಗೆ ಏನಾಗಬೇಕು?

ಆಗಬೇಕಾದದ್ದು ಇತ್ತು. ನಮ್ಮದು ತೈಲ ಕಂಪೆನಿಗಳಿಗೆ ವಾಲ್ವ್ ಜೋಡಿಸಿಕೊಡುವ ವರ್ಕ್‌ಶಾಪ್. ಒಂದು ಕೆಲಸಕ್ಕೆ ಬೇಕಾದ ಕಂಟ್ರೋಲರ್ ಅಮೆರಿಕದಿಂದ ಬರಬೇಕಿತ್ತು. ಅದು ಹೊರಡಲು ಅಲ್ಲಿಯ ಸರ್ಕಾರದ ಪರವಾನಗಿ ಬೇಕು. ಪರವಾನಗಿ ಕೊಡುವವರು ಮನೆಯಲ್ಲಿ ಕೂತಿದ್ದರು. ಮಾಲು ಬಂದು, ಅದರ ನಂಬರು ತಾಳೆ ನೋಡಿ, ಸಹಿ ಹಾಕಿ ಒಳಗಿಟ್ಟ ಮೇಲೆಯೇ ಸ್ಟೋರ್‌ಕೀಪರಿಗೆ ರಜೆ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು.

ಸ್ಟೋರ್‌ಕೀಪರ್ ಉಳ್ಳಾಲದ ಬ್ಯಾರಿ. ಬಸ್ಸಿನಲ್ಲಿ ಎಲ್ಲರಿಗೂ ಕಾಕ. ಊರಿನಲ್ಲಿ ಅವರ ಮಗಳಿಗೆ ಚೊಚ್ಚಲ ಹೆರಿಗೆ, ತವರಿನಲ್ಲಿ. ಅಳಿಯ ಸೌದಿಯಲ್ಲಿ, ಅವನಿಗೂ ರಜೆಯಿಲ್ಲ. ಹುಟ್ಟಿದ ಮಗುವಿನ ಬಲಗಿವಿಯಲ್ಲಿ ಬಾಂಗ್, ಅಂದರೆ ನಮಾಜಿನ ಕರೆ, ಹೇಳಬೇಕು, ಅದು ಮಗು ಕೇಳುವ ಮೊದಲ ಮಾತಾಗಬೇಕು. ಕಾಕನ ಮೂವರು ಮಕ್ಕಳು ಹುಟ್ಟಿದಾಗಲೂ ಕಾಕ ಇಲ್ಲೇ ಇದ್ದರು. ಮೂರು ಸಲವೂ ಹೇಳಿದ್ದು ನೆರೆಮನೆಯವರು. ಈ ಸಲ ನಾನೇ ಎಂದು ಮಗಳಿಗೆ ಮಾತು ಕೊಟ್ಟಿದ್ದರು. ಫೋನಿನಲ್ಲಿ ಹೇಳಬಹುದಲ್ಲ ಎಂದು ಯಾರೋ ಅಂದಾಗ ಕಾಕ ಕಿಟಕಿಯ ಹೊರಗೆ ನೋಡಿದರು. ಹಾಗೆ ಅಂದದ್ದು ನಾನೇ ಇರಬಹುದು.

ಮತದಾನ ಶುರು ಮಾಡಿದ್ದು ಪ್ಲಾನಿಂಗ್ ವಿಭಾಗದ ಕಾರ್ಕಳದವರು. ತಪ್ಪು ಯಾವ ಪಕ್ಷದ್ದು ಎಂದು ಅಲ್ಲಿಯ ಜನರನ್ನು ಕೇಳುತ್ತಿದ್ದಾರಂತೆ. ಕೆಲವರು ಅಧ್ಯಕ್ಷರ ಪಕ್ಷದ್ದು ಅನ್ನುತ್ತಾರೆ, ಕೆಲವರು ವಿರೋಧ ಪಕ್ಷದ್ದು, ಕೆಲವರು ಇಬ್ಬರದ್ದೂ. ಮೊಬೈಲಿನಲ್ಲಿ ಇಷ್ಟನ್ನು ಓದಿ ಹೇಳಿ, "ನಮ್ಮನ್ನು ಮಾತ್ರ ಯಾರೂ ಕೇಳುವುದಿಲ್ಲ ನೋಡಿ. ನಾವೇ ಕೇಳಿಕೊಳ್ಳುವ ಮಾರಾಯ್ರೆ," ಅಂದರು. ಕೈ ಎತ್ತಿಸಿದರೆ ನಿದ್ದೆ ಮಾಡುವವರ ಮತ ಸಿಗುವುದಿಲ್ಲ. ಅದಕ್ಕೆ ಅವರದೇ ಒಂದು ಉಪಾಯ: ಅಧ್ಯಕ್ಷರ ಪಕ್ಷದ್ದು ತಪ್ಪು ಅನ್ನುವವರು ಎಡಸಾಲಿನ ಸೀಟು, ವಿರೋಧ ಪಕ್ಷದ್ದು ಅನ್ನುವವರು ಬಲಸಾಲು. ಹತ್ತುವಾಗಲೇ ತೀರ್ಮಾನ, ಆಮೇಲೆ ನಿದ್ದೆ.

ದಿನವೂ ಬಲಸಾಲು ತುಂಬಿತು. ಜಾಗ ಸಿಗದವರು ಮಾತ್ರ ಎಡಕ್ಕೆ ಹೋದರು. ಕಾರ್ಕಳದವರು ಫಲಿತಾಂಶವನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಖರೀದಿ ವಿಭಾಗದವನಾದ ನಾನು ಬಲಸಾಲಿನ ವಕೀಲ. ವಿರೋಧ ಪಕ್ಷದ ಹಟದಿಂದಲೇ ಕಾಕನ ರಜೆ ನಿಂತಿತೆಂದು ಎಷ್ಟು ಚೆನ್ನಾಗಿ ವಾದಿಸುತ್ತಿದ್ದೆನೆಂದರೆ ನನಗೇ ನಂಬಿಕೆ ಬಂದಿತ್ತು. ಕಾಕ ಮಾತ್ರ ಎರಡೂ ಸಾಲಿಗೆ ಬರುತ್ತಿರಲಿಲ್ಲ. ಡ್ರೈವರ್ ಪಕ್ಕದ ಒಂಟಿ ಸೀಟು ಅವರದು. ನಿಮ್ಮ ಮತ ಯಾರಿಗೆ ಕಾಕ ಎಂದರೆ, ಮೊದಲು ನೀವು ಮುಗಿಸಿ ಅನ್ನುತ್ತಿದ್ದರು.

ಮತದಾನ ಎಷ್ಟು ದಿನ ನಡೆಯಿತೋ, ಒಂದು ಬೆಳಿಗ್ಗೆ ದಟ್ಟ ಮಂಜು. ಬಸ್ ಹತ್ತಿದವರು ಸಿಕ್ಕ ಸಿಕ್ಕಲ್ಲಿ ಕೂತರು. ಕಾರ್ಕಳದವರು ಎದ್ದು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಎಡಸಾಲಿಗೆ ಬಹುಮತ.

"ಒಂದೇ ರಾತ್ರಿಯಲ್ಲಿ ಎಂತ ಆಯಿತು ನಿಮಗೆಲ್ಲ?" ಎಂದು ಕೇಳಿದರು.

ಕಾಕ ಹಿಂದೆ ತಿರುಗದೆಯೇ, "ಇವತ್ತು ಬಿಸಿಲು ಇಲ್ಲ ಅಲ್ವಾ," ಅಂದರು.

ಮುಸಫ್ಫಾದ ದಾರಿಯಲ್ಲಿ ಬೆಳಗಿನ ಬಿಸಿಲು ಬೀಳುವುದು ಎಡ ಕಿಟಕಿಗಳಿಗೆ. ವರ್ಷಗಟ್ಟಲೆ ಓಡಾಡಿದ ನಮಗೆಲ್ಲ ಇದು ಗೊತ್ತಿತ್ತು, ಎಣಿಸುವಾಗ ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ ಅನಿಸುತ್ತದೆ. ಆಮೇಲೆ ನಗು ನಿಂತದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಇಷ್ಟು ದಿನದ ನನ್ನ ವಾದವೆಲ್ಲ ನೆರಳಿಗೆ ಕೂತವನ ವಾದ ಅನಿಸಿ, ಅದರಡಿ ಬಚ್ಚಿಟ್ಟಿದ್ದದ್ದು ಹೊರಗೆ ಬಂತು.

ಪರವಾನಗಿಗೆ ಒಂದು ಘೋಷಣಾಪತ್ರ ಬೇಕು, ಈ ಮಾಲು ಎಲ್ಲಿ ಬಳಕೆಯಾಗುತ್ತದೆ ಎಂದು ತಿಳಿಸುವ ಎರಡು ಪುಟ. ಅದನ್ನು ತುಂಬಿ ಕಳುಹಿಸಬೇಕಾದವನು ನಾನು. ಸರ್ಕಾರ ಮುಚ್ಚುವ ಮೊದಲಿನ ಹನ್ನೆರಡು ದಿನ ಆ ಕಾಗದ ನನ್ನ ಮೇಜಿನ ಮೇಲಿತ್ತು. ಕಾಯಿಲೆಯಲ್ಲ, ಕೆಲಸದ ಒತ್ತಡವಲ್ಲ. ನಾಳೆ ಮಾಡಿದರಾಯಿತು ಅಂದುಕೊಂಡಿದ್ದೆ, ಅಷ್ಟೇ. ಬೇಗ ಕಳುಹಿಸಿದ್ದರೂ ಪರವಾನಗಿ ಸಿಗುತ್ತಿತ್ತೆಂದು ಯಾರು ಹೇಳಬಲ್ಲರು ಎಂದು ಈಗಲೂ ಬರೆಯಬಹುದು. ಆಗ ಅದನ್ನೇ ದಿನವೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಮಂಜಿಗೆ ಬಸ್ ತೆವಳುತ್ತಿತ್ತು. ನಾನು ಎದ್ದು ಮುಂದೆ ಹೋಗಿ, ಕಾಕನ ಸೀಟಿನ ಪಕ್ಕದ ಕಂಬಿ ಹಿಡಿದು ನಿಂತು, ಹನ್ನೆರಡು ದಿನದ ವಿಷಯ ಹೇಳಿದೆ.

"ನನಗೆ ಗೊತ್ತುಂಟು," ಅಂದರು ಕಾಕ. "ನಿಮ್ಮ ಕಾಗದದ ಕಾಪಿ ಸ್ಟೋರಿಗೂ ಬರ್ತದಲ್ಲ. ನಿಮ್ಮ ಕೈಗೆ ಬಂದ ತಾರೀಕು, ಕಳುಹಿಸಿದ ತಾರೀಕು, ಎರಡೂ ಅದರಲ್ಲೇ ಉಂಟು."

"ಮತ್ತೆ ಯಾಕೆ ಹೇಳಲಿಲ್ಲ ಕಾಕ?"

"ನೀವು ಅಷ್ಟು ಜೋರಾಗಿ ಅಮೆರಿಕದವರಿಗೆ ಬಯ್ಯುವಾಗ ನಡುವೆ ಹೇಗೆ ಬಾಯಿ ಹಾಕುವುದು? ಯಾವಾಗ ನಿಲ್ಲಿಸ್ತೀರಿ ಅಂತ ಕಾಯ್ತಿದ್ದೆ."

ಅವರ ದನಿಯಲ್ಲಿ ಸಿಟ್ಟಿತ್ತೋ ಎಂದು ಹಲವು ಸಲ ನೆನೆದು ನೋಡಿದ್ದೇನೆ. ಒಮ್ಮೆ ಇತ್ತು ಅನಿಸುತ್ತದೆ, ಒಮ್ಮೆ ಇಲ್ಲ. ಅವರು ಮುಂದೆ ಹೇಳಿದ್ದರಲ್ಲಿ ಮಾತ್ರ ಅನುಮಾನವಿಲ್ಲ: "ಡಾಕ್ಟರ್ ಇನ್ನು ಹತ್ತು ದಿನ ಅಂದಿದ್ದಾರೆ."

ಬಸ್ಸಿಳಿದು ನೇರ ಮ್ಯಾನೇಜರ್ ಕೋಣೆಗೆ ಹೋದೆ. ತಡವಾದದ್ದು ನನ್ನಿಂದ, ಮಾಲು ಬಂದರೆ ತಾಳೆ ನೋಡಿ ಸಹಿ ಹಾಕುವ ಹೊಣೆ ನನ್ನದು, ಕಾಕನನ್ನು ಬಿಡಿ ಅಂದೆ. ಅವರು ಆ ಮಾತನ್ನು ಬರಹದಲ್ಲಿ ಕೇಳಿದರು. ಬರೆದುಕೊಟ್ಟೆ. ಎಚ್ಚರಿಕೆಯ ಪತ್ರವೊಂದು ನನ್ನ ಕಡತ ಸೇರಿತು. ಮೂರನೆಯ ದಿನ ಕಾಕ ಮಂಗಳೂರಿನ ವಿಮಾನ ಹತ್ತಿದರು.

ಅಲ್ಲಿಯ ಕಚೇರಿಗಳು ತೆರೆದವು, ಕಂಟ್ರೋಲರೂ ಬಂತು. ನಂಬರನ್ನು ಮೂರು ಸಲ ತಾಳೆ ನೋಡಿ ಸಹಿ ಹಾಕಿದೆ. ಅದು ಬರುವ ಮೊದಲೇ ಒಂದು ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಕಾಕನ ಸಂದೇಶ ಬಂದಿತ್ತು: "ಹೆಣ್ಣು ಮಗು. ಕಿವಿಯಲ್ಲಿ ಬಾಂಗ್ ಹೇಳಿದೆ. ಅಳು ಮಾತ್ರ ನಿಲ್ಲಿಸಲಿಲ್ಲ."

ಎಡಸಾಲಿನಲ್ಲಿ ಬಿಸಿಲಿಗೆ ಮುಖವೊಡ್ಡಿ ಕೂತು ಅದನ್ನು ಓದಿದೆನೆಂದು ಬರೆಯುವ ಆಸೆ. ಕೂತದ್ದು ಬಲಸಾಲಿನಲ್ಲೇ. ಆ ದಿನ ಬಿಸಿಲು ಜೋರಾಗಿತ್ತು.