ರಾಪೊನ ಕೋಟು

ಗುರ್ಬಾರ್ಧದಲ್ಲಿ ಯಾರಾದರೂ ಸತ್ತರೆ ಮೊದಲು ಹೇಳಿ ಕಳಿಸುತ್ತಿದ್ದುದು ರೆಸ್ಮಿಯೆಗೆ. ಡಾಕ್ಟರು, ಪೆಟ್ಟಿಗೆ ಮಾಡುವ ಬಡಗಿ, ದೂರದ ನೆಂಟರು ಎಲ್ಲ ಆಮೇಲೆ. ದಕ್ಷಿಣ ಅಲ್ಬೇನಿಯಾದ ನಮ್ಮ ಬೆಟ್ಟದ ಊರುಗಳಲ್ಲಿ ಹಾಡಿಕೊಂಡು ಅಳುವ ಹೆಂಗಸರಿಗೆ ಬರವೇನಿರಲಿಲ್ಲ. ಆದರೆ ರೆಸ್ಮಿಯೆ ಅತ್ತರೆ ಸತ್ತವನು ಎದ್ದು ಬಂದು ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಾನೆ ಅನ್ನಿಸುತ್ತಿತ್ತು. ಅವನು ಎಂಥ ಗಿಣ್ಣು ಮಾಡುತ್ತಿದ್ದ, ಯಾರ ಜೊತೆ ಬೇಲಿ ಜಗಳ ಕಾದ, ಇಸ್ಪೀಟಿನಲ್ಲಿ ಹೇಗೆ ಮೋಸ ಮಾಡಿ ಸಿಕ್ಕಿಬಿದ್ದ, ಒಂದನ್ನೂ ಬಿಡುತ್ತಿರಲಿಲ್ಲ. ಬಿಕ್ಕುತ್ತಿದ್ದವರು ನಡುವೆ ಕಿಸಕ್ಕನೆ ನಕ್ಕು, ನಕ್ಕಿದ್ದಕ್ಕೆ ಇನ್ನಷ್ಟು ಅಳುತ್ತಿದ್ದರು. ಈಗಿನ ಸಾವಿನ ಮನೆಗಳಲ್ಲಿ ಜನ ಹೂಗುಚ್ಛ ಇಟ್ಟು ಗಡಿಯಾರ ನೋಡಿಕೊಳ್ಳುತ್ತಾರೆ. ರೆಸ್ಮಿಯೆ ಇದ್ದ ಕಾಲದಲ್ಲಿ ಸತ್ತವರು ಪುಣ್ಯವಂತರು ಎಂದು ನಮ್ಮೂರಿನ ಮುದುಕರು ಇವತ್ತಿಗೂ ಹೊಟ್ಟೆ ಉರಿದುಕೊಳ್ಳುತ್ತಾರೆ.

ಅಳುವುದಕ್ಕೂ ಕಟ್ಟುಪಾಡಿತ್ತು. ಹೆಂಗಸರು ಸುತ್ತ ಕೂರಬೇಕು. ಒಬ್ಬಳು ಹಾಡಿದರೆ ಉಳಿದವರು ‘ಓ... ಓ...’ ಎಂದು ದನಿ ಹಿಡಿಯಬೇಕು. ಆ ಸುತ್ತಿನೊಳಗೆ ಗಂಡಸು ಕಾಲಿಡುವಂತಿಲ್ಲ, ಎಂಥವನಾದರೂ ಟೋಪಿ ತೆಗೆದು ಹೊರಗೆ ನಿಲ್ಲಬೇಕು. ಪರದೇಶದಲ್ಲಿ ಸತ್ತು ಹೆಣ ಬರದಿದ್ದರೆ ಅವನು ತೊಟ್ಟ ಬಟ್ಟೆ ಹಾಸಿ ಅದರ ಮೇಲೆ ಅಳಬೇಕು. ಎಲ್ಲಕ್ಕಿಂತ ಮುಖ್ಯ, ಹೆಸರು ಹಿಡಿದು ಕರೆಯಬೇಕು. ಹೆಸರಿಲ್ಲದ ಅಳು ಸತ್ತವನಿಗೆ ಮುಟ್ಟುವುದಿಲ್ಲ ಎಂದು ರೆಸ್ಮಿಯೆ ಗಟ್ಟಿಯಾಗಿ ನಂಬಿದ್ದಳು.

ಊರಿಗೆಲ್ಲ ಅತ್ತ ಅವಳು ಸ್ವಂತ ತಮ್ಮನಿಗೆ ಅತ್ತಿರಲಿಲ್ಲ.

ತಮ್ಮ ರಾಪೊ ಯುದ್ಧದಲ್ಲಿ ಬಂದೂಕು ಹಿಡಿದು ಬೆಟ್ಟ ಹತ್ತಿದವನು. ಸೋತು ಓಡಿದ ಇಟಲಿಯ ಸೈನಿಕನೊಬ್ಬನ ಬೂದು ಬಣ್ಣದ ದಪ್ಪ ಕೋಟು ತೊಟ್ಟು ಇಳಿದು ಬಂದ. ಆಳು ಕುಳ್ಳ, ಕೋಟಿನ ತೋಳು ಬೆರಳು ದಾಟಿ ಜೋಲುತ್ತಿತ್ತು. ರೆಸ್ಮಿಯೆ ಕತ್ತರಿಸಿ ಹೊಲಿದು ಕೊಟ್ಟಳು, ಮೊಣಕೈಗೆ ತೇಪೆ ಹಾಕಿದಳು. ಅವನು ಅದನ್ನು ಮದುವೆಗೂ ತೊಟ್ಟ, ಕುರಿ ಕಾಯುವುದಕ್ಕೂ ತೊಟ್ಟ. ಆಮೇಲೆ ಹೊಸ ಸರಕಾರದ ಅಪ್ಪಣೆಯಂತೆ ಊರಿನ ಕುರಿಗಳೆಲ್ಲ ಸಹಕಾರಿ ಮಂದೆಗೆ ಸೇರಿದವು. ಕಾಫಿ ಅಂಗಡಿಯಲ್ಲಿ ಕೂತು ರಾಪೊ, “ಮುಂಚೆ ನನ್ನ ಕುರಿ ನನ್ನ ಶಿಳ್ಳೆಗೆ ಬರ್ತಿತ್ತು. ಈಗ ಠರಾವು ಪಾಸಾಗೋವರೆಗೂ ನೀರೇ ಕುಡಿಯಲ್ಲ ಅಂತದೆ” ಅಂದ. ಕೇಳಿದವರೆಲ್ಲ ನಕ್ಕರು. ನಕ್ಕವರಲ್ಲಿ ಯಾರೋ ಒಬ್ಬ ಹೋಗಿ ಹೇಳಿದ.

ಪೊಲೀಸರ ಜೀಪು ಬಂದು ಅವನನ್ನು ಒಯ್ದದ್ದು ಬೇಸಿಗೆಯಲ್ಲಿ, ಹಾಗಾಗಿ ಕೋಟು ಮನೆಯಲ್ಲೇ ಉಳಿಯಿತು. ಅವನ ಹೆಂಡತಿ ಸೋಡಚೀಟಿ ಬರೆದುಕೊಟ್ಟು ತೌರಿಗೆ ಹೋದಳು, ತೊಟ್ಟಿಲ ಕೂಸು ಲುಲೆ ಸೋದರತ್ತೆಯ ಮಡಿಲಿಗೆ ಬಂತು. ಕೆಲವು ವರ್ಷದ ಮೇಲೆ ಪೊಲೀಸಿನವನೊಬ್ಬ ಬಾಗಿಲಲ್ಲೇ ನಿಂತು, ರಾಪೊ ಕೈದಿಗಳ ಗಣಿಯಲ್ಲಿ ಸತ್ತನೆಂದೂ ಎಲ್ಲಿ ಹೂತರೆಂದು ಕೇಳಬಾರದೆಂದೂ ಹೇಳಿ ಹೋದ. ಸರಕಾರ ‘ಜನರ ಶತ್ರು’ ಎಂದು ಕರೆದವನಿಗೆ ಅಳುವುದೂ ಶತ್ರುತ್ವವೇ ಆಗಿದ್ದ ಕಾಲ. ರೆಸ್ಮಿಯೆ ಅವತ್ತು ಸಂಜೆ ಎಂದಿನಂತೆ ಮೆಕ್ಕೆಜೋಳದ ರೊಟ್ಟಿ ಸುಟ್ಟಳು. ಶಾಲೆಯಲ್ಲಿ ಲುಲೆಗೆ ಅಪ್ಪನ ಹೆಸರು ಕೇಳಿದರೆ ಅವಳು ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಆ ಹೆಸರು ಮನೆಯೊಳಗೂ ಯಾರ ಬಾಯಲ್ಲೂ ಬರಲಿಲ್ಲ.

ಹಾಗೇ ಕಾಲ ಕಳೆಯಿತು. ಒಂದು ಏಪ್ರಿಲ್ ದಿನ ಚೌಕದ ಲೌಡ್‌ಸ್ಪೀಕರು ಬೆಳಗಿನಿಂದ ಬರೀ ಪಿಟೀಲು ನುಡಿಸತೊಡಗಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು, ದೇಶ ಆಳುತ್ತಿದ್ದ ನಾಯಕ ತೀರಿಕೊಂಡಿದ್ದ. ಭಾನುವಾರಕ್ಕಿದ್ದ ಒಂದು ಮದುವೆ ನಿಂತಿತು. ಕುರಿಮರಿ ಆಗಲೇ ಕೊಯ್ದಾಗಿತ್ತು. ಬೀಗರು ಕದ ಹಾಕಿಕೊಂಡು, ಸದ್ದಾಗದ ಹಾಗೆ ಮೂಳೆ ಚೀಪಿದರು.

ಮಾರನೆಯ ಬೆಳಿಗ್ಗೆ ಪಕ್ಷದ ಕಾರ್ಯದರ್ಶಿ ನೆಜಿಪ್ ರೆಸ್ಮಿಯೆಯ ಅಂಗಳಕ್ಕೆ ಬಂದ. ಚಿಕ್ಕ ವಯಸ್ಸು, ದೊಡ್ಡ ಕುರ್ಚಿ, ಸದಾ ಹೊಟ್ಟೆನೋವಿನ ಮುಖ.

“ರೆಸ್ಮಿಯಕ್ಕ, ನಾಳೆ ರೇಡಿಯೋದವರು ಬರ್ತಾರೆ. ಬೆಟ್ಟದ ಜನ ಹಳೇ ಪದ್ಧತಿ ಪ್ರಕಾರ ನಾಯಕರಿಗೆ ಅತ್ತಿದ್ದು ದೇಶಕ್ಕೆಲ್ಲ ಕೇಳಿಸಬೇಕಂತೆ. ನೀವೇ ಅಳಬೇಕು.”

“ಹೋದ ವರ್ಷ ಅದೇ ಪದ್ಧತೀನ ಮೂಢನಂಬಿಕೆ ಅಂತ ಸಭೇಲಿ ಬೈದೆಯಲ್ಲಪ್ಪ.”

“ಹೋದ ವರ್ಷದ ಮಾತು ಹೋದ ವರ್ಷಕ್ಕೆ ಆಯ್ತು. ಈಗ ಬೇಕಾಗಿದೆ.”

“ಹೆಣ ಎಲ್ಲಿದೆ?”

ನೆಜಿಪ್ ಸುತ್ತಮುತ್ತ ನೋಡಿದ. “ಅಕ್ಕ, ಹಾಗೆಲ್ಲ ಹೆಣ ಅನ್ನಬೇಡಿ. ರಾಜಧಾನೀಲಿದೆ. ಇಲ್ಲಿ ದೊಡ್ಡ ಪಟ ಇಡ್ತೀವಿ.”

“ಪಟದ ಮೇಲೆ ಅಳೋಕೆ ಬರಲ್ಲ ಕಣೋ. ತೊಟ್ಟ ಬಟ್ಟೆ ಬೇಕು. ಅವನದ್ದೊಂದು ಕೋಟು ತರಿಸು.”

“ಎಲ್ಲಿಂದ ತರಿಸಲಿ?” ಎಂದ ನೆಜಿಪ್, ನಿಜವಾಗಿಯೂ ಅಳುವ ದನಿಯಲ್ಲಿ.

ಮಾರನೆಯ ದಿನ ಚೌಕದಲ್ಲಿ ಪಟ, ಹೂವು, ಕಪ್ಪು ಬಟ್ಟೆ ಎಲ್ಲ ಸಿದ್ಧವಾಯಿತು. ಬೇರೆ ದಾರಿ ಕಾಣದೆ ನೆಜಿಪ್ ತನ್ನ ಮದುವೆಯ ಕೋಟನ್ನೇ ಬಿಚ್ಚಿ ಪಟದ ಮುಂದೆ ಹಾಸಿದ. ಗುಂಪಿನಿಂದ ಅವನ ಹೆಂಡತಿ ನುಗ್ಗಿ ಬಂದು ಅದನ್ನು ಕಿತ್ತುಕೊಂಡಳು. “ಬದುಕಿರೋ ಗಂಡನ ಬಟ್ಟೆ ಹಾಸಿ ಅಳಿಸ್ತೀರಾ? ನನ್ನನ್ನ ಮುಂಡೆ ಮಾಡೋಕೆ ಪಕ್ಷ ಠರಾವು ಮಾಡಿದೆಯಾ?” ಎಂದು ಬೈದು, ಕೋಟನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋಗಿಬಿಟ್ಟಳು. ಚೌಕದಲ್ಲಿದ್ದ ಗಂಡಸರೆಲ್ಲ ತಂತಮ್ಮ ಕೋಟಿನ ಗುಂಡಿ ಹಾಕಿಕೊಂಡರು. ಅಷ್ಟರಲ್ಲಿ ರೇಡಿಯೋದವರ ಜೀಪು ತಿರುವಿನಲ್ಲಿ ಕಾಣಿಸಿತು.

ಆಗ ರೆಸ್ಮಿಯೆ ಹೇಳಿದಳು, “ನಮ್ಮನೇಲಿ ಒಂದಿದೆ. ತೊಟ್ಟವನು ಈಗಿಲ್ಲ, ಯಾರಿಗೂ ಕೇಡಾಗಲ್ಲ. ಲುಲೆ, ಪೆಟ್ಟಿಗೇಲಿರೋದನ್ನ ತಗೊಂಡು ಬಾ.”

ಲುಲೆಯ ಮುಖ ಬಿಳಿಚಿಕೊಂಡಿತು. “ಅತ್ತೆ, ಬೇಡ. ನನ್ನನ್ನೂ ಕರ್ಕೊಂಡು ಹೋಗ್ತಾರೆ.”

“ಹೆಸರು ಹೇಳಲ್ಲ ಮಗ. ಹೋಗಿ ತಾ.”

ಕೋಟು ಬಂತು. ರೆಸ್ಮಿಯೆ ಅದನ್ನು ಕೊಡವಿ ಹಾಸಿದಾಗ ಊರಿಗೆ ಊರೇ ಗುರುತು ಹಿಡಿಯಿತು. ಆ ತೇಪೆಯನ್ನು ನೋಡದವರು ಯಾರಿದ್ದರು? ನೆಜಿಪ್‌ಗೂ ಗೊತ್ತಾಯಿತು. ಚಿಕ್ಕವನಿದ್ದಾಗ ಮಳೆ ಬಂದರೆ ಅದೇ ಕೋಟಿನೊಳಗೆ ನುಗ್ಗಿಕೊಂಡು ರಾಪೊನ ಜೊತೆ ಕುರಿದೊಡ್ಡಿಗೆ ಹೋದವನು ಅವನು. ಬಾಯಿ ತೆರೆದ. ಆದರೆ ರೇಡಿಯೋದವನು ಆಗಲೇ ಮೈಕು ಹಿಡಿದು ನಿಂತಿದ್ದ, ತೆರೆದ ಬಾಯನ್ನು ನೆಜಿಪ್ ಹಾಗೇ ಮುಚ್ಚಿಕೊಂಡ.

ಹೆಂಗಸರು ಸುತ್ತ ಕೂತರು. ರೆಸ್ಮಿಯೆ ಶುರು ಮಾಡಿದಳು. ನಿನ್ನ ಕೋಟಿನ ತೋಳು ಕತ್ತರಿಸಿ ಹೊಲಿದವಳು ನಾನು, ನಿನ್ನ ಮೊಣಕೈಗೆ ತೇಪೆ ಹಾಕಿದವಳು ನಾನು. ಚಳಿಗಾಲ ಬಂತಲ್ಲೋ, ಕೋಟು ಬಿಟ್ಟು ಎಲ್ಲಿಗೆ ಹೋದೆ. ಯಾರ ಮಣ್ಣಿನಲ್ಲಿ ಮಲಗಿದೆ, ಯಾರು ನಿನ್ನ ಕಣ್ಣು ಮುಚ್ಚಿದರು. ಇಷ್ಟು ವರ್ಷ ಗಂಟಲಲ್ಲಿ ಕಟ್ಟಿಟ್ಟದ್ದೆಲ್ಲ ಹರಿದು ಬಂತು. ಹೆಂಗಸರ ‘ಓ...’ ದನಿ ಬೆಟ್ಟಕ್ಕೆ ಹೋಗಿ ಮರಳಿ ಬಂತು. ತಮ್ಮ ತಮ್ಮ ಮನೆಯಿಂದ ಜೀಪು ಹತ್ತಿ ಹೋದವರನ್ನು ನೆನೆದು ಅವರೂ ಅತ್ತರು, ಹೊರಗೆ ನಿಂತ ಗಂಡಸರೂ ಅತ್ತರು. ಅವತ್ತು ಊರು ಮನಸಾರೆ ಅತ್ತಿತು. ಅಷ್ಟು ಒಳ್ಳೆಯ ಅಳು ಮತ್ತೆ ಆ ಚೌಕದಲ್ಲಿ ಕೇಳಲಿಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಆದರೆ ಹೆಸರು ಬರುವ ಜಾಗ ಬಂದಾಗಲೆಲ್ಲ ರೆಸ್ಮಿಯೆ ‘ತಮ್ಮಾ’ ಎಂದು ತೇಲಿಸಿಬಿಟ್ಟಳು. ಪಟದೊಳಗಿನ ಮನುಷ್ಯ ಒಬ್ಬನೇ ಒಣ ಕಣ್ಣಿನಿಂದ ನೋಡುತ್ತಿದ್ದ.

ರೇಡಿಯೋದವನು ಮೂಗು ಒರೆಸಿಕೊಂಡು ಕೇಳಿದ, “ಯಾವ ಜಿಲ್ಲೇಲೂ ಇಂಥ ದುಃಖ ನೋಡಿಲ್ಲ. ಈ ಕೋಟು ಯಾರದು?”

ರೆಸ್ಮಿಯೆ ಲುಲೆಯ ಕೈ ಹಿಡಿದುಕೊಂಡಳು.

“ನಾಯಕರದ್ದೇ,” ಅಂದ ನೆಜಿಪ್. “ಯುದ್ಧದ ಕಾಲದಲ್ಲಿ ಒಂದು ದಿನ ಈ ಅಕ್ಕನ ಮನೇಲಿ ತಂಗಿದ್ರು. ಅಕ್ಕ ಚಳೀಲಿ ನಡುಗ್ತಿದ್ರು ಅಂತ ತಮ್ಮ ಕೋಟನ್ನ ಇವರಿಗೇ ಹೊದಿಸಿ ಹೋದ್ರು. ತಮ್ಮಾ ಅಂತಲೇ ಕರೀತಿದ್ರು ಅಕ್ಕ ಅವರನ್ನ.”

ರೇಡಿಯೋದವನು ಕೋಟಿಗೆ ಸಲಾಮು ಹೊಡೆದ.

ಅಲ್ಲಿಂದ ಕಥೆಗೆ ರೆಕ್ಕೆ ಬಂತು. ವಾರದೊಳಗೆ ಜಿಲ್ಲೆಯವರು ಬಂದು ಕೋಟನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಪಟ್ಟಣದ ವಸ್ತು ಸಂಗ್ರಹಾಲಯಕ್ಕೆ ಒಯ್ದರು. ಕೊಡುವುದಿಲ್ಲ ಎನ್ನುವ ಹಾಗಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ತೂಗಿಬಿಟ್ಟರು. ನುಸಿ ತಿಂದ ತೂತು ಶತ್ರುವಿನ ಗುಂಡಿನ ತೂತಾಯಿತು. ಅಷ್ಟು ಎತ್ತರದ ನಾಯಕನ ತೋಳು ಇಷ್ಟು ಗಿಡ್ಡ ಹೇಗೆ ಎಂದು ಶಾಲೆಯ ಹುಡುಗಿಯೊಬ್ಬಳು ಕೇಳಿದಳಂತೆ. ಹೋರಾಟದ ದಿನಗಳ ಮಳೆಯಲ್ಲಿ ನೆನೆದು ಕುಗ್ಗಿತು ಎಂದು ಸಂಗ್ರಹಾಲಯ ತೋರಿಸುವವನು ವಿವರಿಸಿದ. ನಾಯಕ ತೀರಿದ ದಿನ ಗುರ್ಬಾರ್ಧದ ಕುರಿಗಳು ಮೇವು ಮುಟ್ಟಲಿಲ್ಲ ಎಂಬುದೂ ಸೇರಿಕೊಂಡಿತು. ಕೇಳಿದ್ದರೆ ರಾಪೊ ಏನನ್ನುತ್ತಿದ್ದನೋ.

ಪ್ರತಿ ಏಪ್ರಿಲಿನಲ್ಲೂ ಜೀಪು ಬಂದು ರೆಸ್ಮಿಯೆಯನ್ನು ಸಂಗ್ರಹಾಲಯಕ್ಕೆ ಕರೆದೊಯ್ಯುತ್ತಿತ್ತು. ತಮ್ಮನನ್ನು ಒಯ್ದ ಥರದ್ದೇ ಜೀಪು, ಈಗ ಅವಳಿಗೆ ಮುಂದಿನ ಸೀಟು. ಗಾಜಿನ ಮುಂದೆ ಕುರ್ಚಿ ಹಾಕಿ ಕೂರಿಸುತ್ತಿದ್ದರು, ಕಾಫಿ ಕೊಡುತ್ತಿದ್ದರು, ಅವಳು ಅಳುತ್ತಿದ್ದಳು. ಹೋಗುವ ದಿನ ತಲೆವಸ್ತ್ರಕ್ಕೆ ಇಸ್ತ್ರಿ ಹಾಕಿಕೊಳ್ಳುತ್ತಿದ್ದಳು. ಹುಚ್ಚು ಎನ್ನಿ, ಆ ದಿನಕ್ಕಾಗಿ ಅವಳು ವರ್ಷವಿಡೀ ಕಾಯುತ್ತಿದ್ದಳು. ತಮ್ಮನನ್ನು ನೋಡಿ ಬರುವುದಕ್ಕೆ ಇದ್ದದ್ದು ಅದೊಂದೇ ಜಾಗ.

“ಅಷ್ಟು ಅತ್ತರೂ ಅವನಿಗೆ ಮುಟ್ಟಿಲ್ಲ ಲುಲೆ,” ಎನ್ನುತ್ತಿದ್ದಳು ಬಂದ ಮೇಲೆ. “ಯಾರೋ ಯಾರನ್ನೋ ಕರೀತಿದ್ದಾರೆ ಅಂದ್ಕೊಂಡಿರ್ತಾನೆ. ನಾನು ಸಾಯೋದ್ರೊಳಗೆ ಒಂದ್ಸಲ ಹೆಸರು ಹಿಡಿದು ಕರೀಬೇಕು.”

ಆಮೇಲೆ ಆ ಕಾಲವೂ ಮುಗಿಯಿತು. ರಾಜಧಾನಿಯಲ್ಲಿ ನಾಯಕನ ಪ್ರತಿಮೆ ಉರುಳಿದ ಸುದ್ದಿ ಕೇಳಿದ್ದೇ ಪಟ್ಟಣದ ಜನ ಸಂಗ್ರಹಾಲಯಕ್ಕೆ ನುಗ್ಗಿದ್ದಾರೆ ಎಂದು ಮಧ್ಯಾಹ್ನದ ಹಾಲಿನ ಲಾರಿಯವನು ಹೇಳಿದ. ರೆಸ್ಮಿಯೆ ಒಲೆ ಮೇಲಿನ ಪಾತ್ರೆಯನ್ನೂ ಇಳಿಸದೆ ಹೊರಟಳು. ಲುಲೆ, ಸುದ್ದಿ ಕೇಳಿದ ಊರ ಹೆಂಗಸರು, ಅವತ್ತು ಸುತ್ತ ಕೂತವರೇ ಬಹುಪಾಲು, ಅದೇ ಲಾರಿಯ ಹಿಂದೆ ಹತ್ತಿಕೊಂಡರು.

ಸಂಗ್ರಹಾಲಯದ ಅಂಗಳದಲ್ಲಿ ಬೆಂಕಿ ಉರಿಯುತ್ತಿತ್ತು. ಪಟಗಳು, ಪುಸ್ತಕಗಳು, ಕುರ್ಚಿ ಎಲ್ಲ ಅದರೊಳಗೆ. ಪೊದೆ ಮೀಸೆಯ ಗಂಡಸೊಬ್ಬ ಕೋಟನ್ನು ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದಿದ್ದ, ಇನ್ನೊಬ್ಬನ ಕೈಯಲ್ಲಿ ಸೀಮೆಎಣ್ಣೆ ಡಬ್ಬಿ.

“ಅದು ನನ್ನ ತಮ್ಮಂದು. ಕೊಡಪ್ಪ,” ಎಂದಳು ರೆಸ್ಮಿಯೆ.

ಮೀಸೆಯವನು ಅವಳ ಗುರುತು ಹಿಡಿದ. “ಓಹೋ, ರೇಡಿಯೋ ಅಜ್ಜಿ. ವರ್ಷ ವರ್ಷ ಇದರ ಮುಂದೆ ಕೂತು ಗೊಳೋ ಅಂದೆಯಲ್ಲ, ಸಾಕಾಗಲಿಲ್ವಾ? ನಮ್ಮಪ್ಪ ಜೈಲಲ್ಲಿ ಕೊಳೀತಿದ್ದಾಗ ಅವನಿಗ್ಯಾರು ಅತ್ರು?”

“ನಿಮ್ಮಪ್ಪನ ಜೊತೇಲೇ ಇದ್ದವನದಪ್ಪ ಅದು.”

“ಸುಳ್ಳು,” ಎಂದು ನಾಲ್ಕೈದು ಜನ ಕೂಗಿದರು. ಒಂದು ಇಡೀ ಸರಕಾರ ಸೇರಿ ಹೇಳಿದ ಸುಳ್ಳಿನ ಎದುರು ಒಬ್ಬ ಮುದುಕಿಯ ನಿಜ ಎಷ್ಟು ಹೊತ್ತು ನಿಂತೀತು? ಮೀಸೆಯವನು ಕೋಟನ್ನು ನೆಲಕ್ಕೆ ಒಗೆದು ಎಣ್ಣೆಗೆ ಕೈ ಚಾಚಿದ.

ಅಷ್ಟರಲ್ಲಿ ಹೆಂಗಸರು ಬಂದು ಕೋಟಿನ ಸುತ್ತ ಕೂತುಬಿಟ್ಟಿದ್ದರು. ಮಂಡಿಗೆ ಮಂಡಿ ತಾಗಿಸಿ ಕೂತು ‘ಓ...’ ಎಂದು ದನಿ ಹಿಡಿದರು. ಎಣ್ಣೆ ಡಬ್ಬಿಯವನ ಕಾಲು ತಡೆಯಿತು. ಎಷ್ಟೇ ಸಿಟ್ಟಿರಲಿ, ಅವನೂ ಬೆಟ್ಟದ ತಾಯಿ ಹೆತ್ತವನೇ.

ರೆಸ್ಮಿಯೆ ಬಾಯಿ ತೆರೆದಳು. ಊರಿಗೆಲ್ಲ ಅತ್ತ ಗಂಟಲಿಂದ ಉಸಿರು ಬಿಟ್ಟರೆ ಏನೂ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು. ಆಮೇಲೆ ಲುಲೆಯ ಕಡೆ ನೋಡಿದಳು.

ಲುಲೆ ಹುಟ್ಟಿದಾಗಿನಿಂದ ಹೇಳದ ಮಾತು ಅದು. ಮೊದಲು ಪಿಸುದನಿಯಲ್ಲಿ, ಆಮೇಲೆ ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದಳು, “ಅಪ್ಪಾ... ರಾಪೊ ಅಪ್ಪಾ... ನಾನು ಲುಲೆ, ನಿನ್ನ ಮಗಳು ಕಣಪ್ಪಾ...”

ಹೆಂಗಸರ ದನಿ ಏರಿತು. ಮೀಸೆಯವನು ಟೋಪಿ ತೆಗೆದ. ಅವನ ಹಿಂದಿದ್ದವರೂ ತೆಗೆದರು.

ಕೋಟನ್ನು ಊರಿಗೆ ತಂದು, ರಾಪೊನ ಮೂಳೆಯೇನೂ ಇಲ್ಲದ್ದರಿಂದ ಅದನ್ನೇ ಹೂಳುವುದೆಂದಾಯಿತು. ಗುಂಡಿ ತೋಡಲು ಗುದ್ದಲಿ ಹಿಡಿದು ಬಂದವನು ನೆಜಿಪ್. ಈಗ ಕುರ್ಚಿ ಇಲ್ಲ, ಹೊಟ್ಟೆನೋವಿನ ಮುಖ ಹಾಗೇ ಇತ್ತು. ತೋಡಿ ಮುಗಿಸಿ, ಮಣ್ಣು ನೋಡುತ್ತಾ ಕೇಳಿದ, “ಅಕ್ಕ, ಆ ಸುಳ್ಳಿಗೆ ನನ್ನ ಮೇಲೆ ಸಿಟ್ಟಿದೆಯಾ?”

“ಇದೆ. ನೀನು ಸುಳ್ಳು ಹೇಳದಿದ್ದರೆ ಈ ಹುಡುಗಿ ಇರ್ತಿರಲಿಲ್ಲ, ಅದೂ ಗೊತ್ತಿದೆ. ಎರಡನ್ನೂ ಇಟ್ಕೊಂಡಿದ್ದೀನಿ. ಮನೇಲಿ ಕಾಫಿ ಇದೆ, ಕುಡಿದು ಹೋಗು.”

ಗುಂಡಿಗಿಳಿಸುವ ಮುಂಚೆ ಅವಳು ಕೋಟನ್ನು ಮುಖಕ್ಕೆ ಒತ್ತಿಕೊಂಡಳು. ಹಿಂದೆಲ್ಲ ಪೆಟ್ಟಿಗೆ ತೆರೆದರೆ ಕುರಿಯ ಉಣ್ಣೆ, ಹೊಗೆಸೊಪ್ಪು, ರಾಪೊನ ಬೆವರು ಮೂಗಿಗೆ ಬರುತ್ತಿತ್ತು. ಈಗ ಬಂದದ್ದು ಬರೀ ನುಸಿಗುಳಿಗೆ. ಆಮೇಲೆ ಬಗ್ಗಿ, ಗಿಡ್ಡ ತೋಳುಗಳನ್ನು ಎದೆಯ ಮೇಲೆ ಮಡಿಸಿ ಮಲಗಿಸಿದಳು.

“ವಾಸನೆಗೆ ಬೈಬೇಡ ರಾಪೊ,” ಎಂದಳು. “ಇಷ್ಟು ದಿನ ಸರಕಾರ ನೋಡ್ಕೊಂಡಿತ್ತು ನಿನ್ನನ್ನ.”

ಲುಲೆ ಮೊದಲ ಹಿಡಿ ಮಣ್ಣು ಹಾಕಿದಳು.